ಪಿಕಪ್ ಗಾಡಿ ಎತ್ತರಿಸುವ ಮುನ್ನ ಹೊರೆ ತೂಗಿ ನೋಡಿ

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪ್ರತಿ ಶಿಬಿರದಲ್ಲೂ ನನಗೆ ಕೊಡುವ ವಿಷಯ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ, ಇಲ್ಲವೇ ಹಸಿರು ಮೇವು. ಈ ಸಲ ನಾನೇ ಕೇಳಿಕೊಂಡು ಬೇರೆ ವಿಷಯ ತೆಗೆದುಕೊಂಡಿದ್ದೇನೆ. ಪಿಕಪ್ ಗಾಡಿಗೆ ಹೆಚ್ಚುವರಿ ಬ್ಲೇಡು ಹಾಕಿಸಿ ಎತ್ತರಿಸುವುದು, ದೊಡ್ಡ ಟೈರು ಹಾಕಿಸುವುದು, ಇದೇ ಇವತ್ತಿನ ವಿಷಯ. “ದನದ ಡಾಕ್ಟರಿಗೆ ಗಾಡಿಯ ಉಸಾಬರಿ ಏಕೆ?” ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ರಾಸು, ಹಾಲು, ಹಿಂಡಿ, ಮೇವು ಎಲ್ಲವೂ ಇಂದು ಈ ಗಾಡಿಗಳ ಮೇಲೆಯೇ ಓಡಾಡುತ್ತಿವೆ. ಗಾಡಿಯಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ರಾತ್ರಿ ಹನ್ನೊಂದು ಗಂಟೆಗೆ ಫೋನು ಬರುವುದು ನನಗೇ.

ಹಾಗೆ ಬಂದ ಒಂದು ಫೋನಿನಿಂದಲೇ ಶುರು ಮಾಡುತ್ತೇನೆ. ಇದನ್ನು ಸಂಬಂಧಪಟ್ಟ ಸದಸ್ಯರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವರ ಹೆಸರಾಗಲಿ, ಊರಾಗಲಿ ಹೇಳುವುದಿಲ್ಲ.

ಅವರು ಇನ್ನೂ ಮೂವತ್ತು ತುಂಬದ ಯುವಕ. ಕಷ್ಟಪಟ್ಟು ದುಡಿಯುವವರು. ಬೆಳಿಗ್ಗೆ ಹಾಲಿನ ಕ್ಯಾನು ಸಾಗಿಸುವುದು, ಮಧ್ಯಾಹ್ನ ಹಿಂಡಿ ಮೂಟೆ, ಬಿಡುವಿದ್ದಾಗ ಸಂತೆಯಿಂದ ರಾಸು ತರುವುದು, ಹೀಗೆ ಒಂದು ಪಿಕಪ್ಪಿನಲ್ಲಿ ಸಂಸಾರ ನಡೆಸುತ್ತಿದ್ದರು. ಒಂದು ದಿನ ನಮ್ಮ ಬರಡು ರಾಸುಗಳ ಚಿಕಿತ್ಸಾ ಶಿಬಿರದ ಹತ್ತಿರ ಗಾಡಿ ನಿಲ್ಲಿಸಿದರು. ಹಿಂದಕ್ಕೆ ಎರಡೆರಡು ಬ್ಲೇಡು ಹೆಚ್ಚಿಗೆ ಹಾಕಿಸಿದ್ದರು. ಹಿಂದೆ ಎದ್ದಷ್ಟು ಮುಂದೂ ಏಳಲೆಂದು ಮುಂದಕ್ಕೆ ಕಬ್ಬಿಣದ ಅಡಿಕಟ್ಟು ಕೊಡಿಸಿದ್ದರು. ಟೈರು ಅಗಲವಾಗಿ, ಎತ್ತರವಾಗಿ ಮಿಂಚುತ್ತಿತ್ತು. “ಹೇಗಿದೆ ಡಾಕ್ಟ್ರೇ?” ಎಂದು ಕೇಳಿದರು. ನಾನು, “ಚೆನ್ನಾಗಿದೆ ಕಣಪ್ಪ, ಆನೆ ಥರ ನಿಂತಿದೆ” ಎಂದೆ. ಅಷ್ಟೇ ಅಲ್ಲ, ಅದೇ ಗಾಡಿಯಲ್ಲಿ ಕುಳಿತು ಮುಂದಿನ ಊರಿಗೂ ಹೋದೆ.

ಎರಡು ತಿಂಗಳಾದ ಮೇಲೆ ಅವರು ಚಿಂತಾಮಣಿ ಸಂತೆಯಲ್ಲಿ ಮೂರು ಮಿಶ್ರತಳಿ ಹಸು ಕೊಂಡರು. ಒಂದು ಏಳು ತಿಂಗಳ ಗಬ್ಬ. ಸಾಲದ ಹಣ. ಮೂರನ್ನೂ ಒಂದೇ ಗಾಡಿಗೆ ಹತ್ತಿಸಿ ಚಿಕ್ಕಬಳ್ಳಾಪುರ, ಗೌರಿಬಿದನೂರು ಮಾರ್ಗವಾಗಿ ಮಧುಗಿರಿ ಕಡೆಗೆ ಹೊರಟರು. ಗೌರಿಬಿದನೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ದ್ವಿಚಕ್ರ ವಾಹನವೊಂದು ಅಡ್ಡ ಬಂತು. ಬ್ರೇಕು ಒತ್ತಿದರು. ಗಾಡಿ ಮೂತಿ ತಗ್ಗಿಸಿತೇ ಹೊರತು ಅವರು ಎಣಿಸಿದಲ್ಲಿ ನಿಲ್ಲಲಿಲ್ಲ. ಸ್ಟಿಯರಿಂಗನ್ನು ಜೋರಾಗಿ ಎಳೆದು ತಪ್ಪಿಸಿದರು. ದ್ವಿಚಕ್ರದವರು ಉಳಿದರು. ಗಾಡಿಗೆ ಒಂದು ಗೀರೂ ಬೀಳಲಿಲ್ಲ. ಹಿಂದೆ ಗಬ್ಬದ ಹಸು ಮಾತ್ರ ಹಿಂಗಾಲು ಎರಡೂ ಅಗಲಕ್ಕೆ ಜಾರಿ ಕೆಳಗೆ ಬಿತ್ತು. ಉಳಿದ ಎರಡು ಅದನ್ನು ತುಳಿದವು. ದಾರಿಯಲ್ಲಿ ಇಳಿಸಲು ದಿಬ್ಬವಿಲ್ಲ, ಎತ್ತಲು ಜನವಿಲ್ಲ. ಎರಡು ಗಂಟೆ ಒಂದೇ ಮಗ್ಗುಲಲ್ಲಿ ಬಿದ್ದುಕೊಂಡೇ ಅದು ಊರು ಸೇರಿತು.

ನಾನು ಹೋದಾಗ ಹಿಂದಿನ ಎರಡು ಕಾಲಲ್ಲೂ ಶಕ್ತಿ ಇರಲಿಲ್ಲ. ಆಳವಾಗಿ ಹುಲ್ಲು ಹಾಸಿ ಮಲಗಿಸಿದೆವು. ಕಾಲು ಮತ್ತೆ ಅಗಲಕ್ಕೆ ಜಾರದಂತೆ ಎರಡನ್ನೂ ಹಗ್ಗದಿಂದ ಸಡಿಲವಾಗಿ ಜೋಡಿಸಿದೆವು. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು. ನೋವಿಗೆ, ಬಾವಿಗೆ ಕೊಡಬೇಕಾದ್ದೆಲ್ಲ ಕೊಟ್ಟೆ. ಆ ಮನೆಯ ತಾಯಿ ರಾತ್ರಿಯೆಲ್ಲ ಅದರ ತಲೆಯ ಬಳಿ ಕುಳಿತಿರುತ್ತಿದ್ದರು. ಎಂಟನೆಯ ದಿನ ಹಸು ಹೋಯಿತು. ಹೊಟ್ಟೆಯಲ್ಲಿದ್ದ ಕರುವೂ ಹೋಯಿತು. ಸಾಲ ಉಳಿಯಿತು.

“ಆನೆ ಥರ ನಿಂತಿದೆ” ಎಂದ ನನ್ನ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆಮೇಲೆ ನಾನು ಗ್ಯಾರೇಜಿಗೆ ಹೋಗಿ, ಗಾಡಿಯ ಕೆಳಗೆ ಬಗ್ಗಿ ನೋಡಿ ಕಲಿತದ್ದನ್ನು ಇವತ್ತು ತಮ್ಮ ಮುಂದೆ ಇಡುತ್ತಿದ್ದೇನೆ.

ಗಾಡಿ ಹಿಂದಕ್ಕೆ ಏಕೆ ಕೂರುತ್ತದೆ?

ಗಾಡಿ ಎತ್ತರಿಸುವವರೆಲ್ಲ ಹೇಳುವ ಕಾರಣ ಒಂದೇ: “ಲೋಡು ಹಾಕಿದರೆ ಹಿಂದೆ ಕೂರುತ್ತದೆ ಸಾರ್.” ಹೌದು, ಕೂರಲೇಬೇಕು. ಸಾಮಾನು ಗಾಡಿ ಖಾಲಿ ಇದ್ದಾಗ ಹಿಂಭಾಗ ಸ್ವಲ್ಪ ಎತ್ತರಕ್ಕಿರುತ್ತದೆ. ಹೊರೆ ಬಿದ್ದಾಗ ಇಳಿದು ಮಟ್ಟಕ್ಕೆ ಬರಲಿ ಎಂದೇ ಕಂಪನಿಯವರು ಹಾಗೆ ಮಾಡಿರುತ್ತಾರೆ. ಮಟ್ಟಕ್ಕಿಂತ ಕೆಳಗೆ ಕೂತರೆ ಕಾರಣ ಎರಡರಲ್ಲಿ ಒಂದು. ಇಲ್ಲ ಕಮಾನು ಪಟ್ಟಿ ಹಳತಾಗಿ ಬಾಗು ಕಳೆದುಕೊಂಡಿದೆ, ಇಲ್ಲ ಹೊರೆ ಹೆಚ್ಚಾಗಿದೆ. ಮೊದಲನೆಯದಕ್ಕೆ ಮದ್ದು ಅದೇ ಅಳತೆಯ ಹೊಸ ಪಟ್ಟಿ, ಹೊಸ ಬುಷ್. ಎರಡನೆಯದಕ್ಕೆ ಮದ್ದು ಹೊರೆ ಇಳಿಸುವುದು. ಹೆಚ್ಚುವರಿ ಬ್ಲೇಡು ಈ ಎರಡರಲ್ಲಿ ಯಾವುದಕ್ಕೂ ಮದ್ದಲ್ಲ. ಜ್ವರ ಬಂದ ರಾಸಿಗೆ ಥರ್ಮಾಮೀಟರನ್ನು ಒಡೆದು ಹಾಕಿದಂತೆ. ಗುರುತು ಕಾಣುವುದಿಲ್ಲ, ರೋಗ ಹಾಗೆಯೇ ಇರುತ್ತದೆ.

ಇತ್ತೀಚೆಗೆ ನಮ್ಮ ಹುಡುಗರ ಬಾಯಲ್ಲಿ “ಲೆವೆಲಿಂಗ್ ಕಿಟ್” ಎಂಬ ಮಾತೂ ಬರುತ್ತಿದೆ. ಇದು ಅಮೆರಿಕದ ಪಿಕಪ್ಪುಗಳ ಮಾತು, ಫೋನಿನಲ್ಲಿ ನೋಡಿ ಕಲಿತದ್ದು. ಅಲ್ಲಿಯೂ ಗಾಡಿ ಖಾಲಿ ಇದ್ದಾಗ ಹಿಂದೆ ಎತ್ತರ, ಮುಂದೆ ತಗ್ಗು. ನೋಡಲು ಸಮನಾಗಿ ಕಾಣಲಿ ಎಂದು ಮುಂದಿನ ಸ್ಪ್ರಿಂಗಿನ ಮೇಲೆ ಒಂದು ತುಂಡು ಕೂರಿಸಿ ಒಂದೂವರೆಯಿಂದ ಎರಡೂವರೆ ಅಂಗುಲ ಎತ್ತುತ್ತಾರೆ. ದೊಡ್ಡ ಟೈರು ಹಿಡಿಸುವುದಕ್ಕೂ ಅದು ಅನುಕೂಲ. ಅವರಲ್ಲಿ ಅನೇಕರು ಆ ಗಾಡಿಯನ್ನು ಕಾರಿನಂತೆ ಖಾಲಿ ಓಡಿಸುವವರು. ಖಾಲಿ ಗಾಡಿಗೆ ಅದು ಸರಿ ಕಾಣಬಹುದು. ನಮ್ಮದು ದಿನಾ ಹೊರೆ ಹೊರುವ ಗಾಡಿ. ಮುಂದೆ ಎತ್ತಿಸಿಕೊಂಡು ಹಿಂದೆ ಹೊರೆ ಹಾಕಿದರೆ ಮೂತಿ ಆಕಾಶ ನೋಡುತ್ತದೆ. ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಮ್ಮ ಮುಂದಿನ ರಸ್ತೆ ಕತ್ತಲಾಗುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಹಾಲಿನ ಮಾರ್ಗ ಹಿಡಿಯುವವರಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. “ಎತ್ತರಿಸಿದರೆ ಕಲ್ಲು, ಗುಂಡಿ ತಾಗುವುದಿಲ್ಲ” ಎನ್ನುತ್ತಾರೆ. ಗಾಡಿಯ ಕೆಳಗೆ ಬಗ್ಗಿ ನೋಡಿ. ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಹಿಂದಿನ ಎರಡು ಚಕ್ರಗಳ ನಡುವಿನ ಹೌಸಿಂಗಿನ ದಪ್ಪ ಗುಂಡು. ಬ್ಲೇಡು ಹಾಕಿದರೆ ಬಾಡಿ ಮೇಲೇಳುತ್ತದೆ, ಆ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರು ಮಾತ್ರ. ಟೈರು ಎಷ್ಟು ಎತ್ತುತ್ತದೆ ಎಂಬ ಲೆಕ್ಕವನ್ನು ಮುಂದೆ ಹೇಳುತ್ತೇನೆ.

ಬ್ರೇಕಿಗೆ ಯಾರು ಹೇಳಬೇಕು?

ನಮ್ಮ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ಕರು ನನಗೆ ಗಾಡಿಯ ಕೆಳಗೆ ಒಂದು ಸಣ್ಣ ಸರಳನ್ನು ತೋರಿಸಿದರು. ಅದರ ಒಂದು ತುದಿ ಹಿಂದಿನ ಆಕ್ಸಲಿಗೆ, ಇನ್ನೊಂದು ತುದಿ ಚಾಸಿಯ ಮೇಲಿನ ಒಂದು ವಾಲ್ವಿಗೆ. ಅನೇಕ ಪಿಕಪ್ಪುಗಳಲ್ಲಿ ಇದು ಇರುತ್ತದೆ. ಹೊರೆ ಹೆಚ್ಚಿ ಬಾಡಿ ಕೆಳಗಿಳಿದಾಗ ಈ ಸರಳು ವಾಲ್ವನ್ನು ತಿರುಗಿಸಿ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕು ಕೊಡುತ್ತದೆ. ಗಾಡಿ ಖಾಲಿಯಾಗಿ ಬಾಡಿ ಮೇಲಿದ್ದಾಗ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ, ಹಗುರವಾದ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ತಿರುಗಬಾರದು ಎಂದು.

ಈಗ ಹೆಚ್ಚುವರಿ ಬ್ಲೇಡು ಹಾಕಿದ ಗಾಡಿಯಲ್ಲಿ ಏನಾಗುತ್ತದೆ, ಯೋಚಿಸಿ. ಮೂರು ಹಸು ನಿಂತಿವೆ, ಆದರೂ ಬಾಡಿ ಕೆಳಗಿಳಿದಿಲ್ಲ. ವಾಲ್ವು ತಿಳಿಯುವುದು “ಗಾಡಿ ಖಾಲಿ” ಎಂದು. ಹಿಂದಕ್ಕೆ ಬ್ರೇಕು ಕಡಿಮೆ ಕಳಿಸುತ್ತದೆ. ನಿಲ್ಲಿಸುವ ಕೆಲಸವೆಲ್ಲ ಮುಂದಿನ ಚಕ್ರಗಳ ಮೇಲೆ. ಗಾಡಿ ಮೂತಿ ತಗ್ಗಿಸುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ನಾನು ಹೇಳಿದ ತಿರುವಿನಲ್ಲಿ ಆದದ್ದು ಇದೇ ಎಂಬುದು ಆ ಮೆಕ್ಯಾನಿಕ್ಕರ ಅಭಿಪ್ರಾಯ. ಅವರ ಮಾತು ಇದು: “ಬ್ಲೇಡ್ ಹಾಕಿದ್ರೆ ಬಾಡಿ ಭಾರ ಹೊರುತ್ತೆ ಸಾರ್. ಆಕ್ಸಲ್‌ಗೆ, ಬ್ರೇಕ್‌ಗೆ ಯಾರು ಹೇಳ್ತಾರೆ?”

ಎತ್ತರಿಸಿದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ ಎಂಬುದು ತಮಗೆ ಗೊತ್ತೇ ಇದೆ. ತಲೆಯ ಮೇಲೆ ಬಿಂದಿಗೆ ಹೊತ್ತವರು ನಡೆಯುವ ರೀತಿಗೂ ಸೊಂಟದ ಮೇಲೆ ಹೊತ್ತವರು ನಡೆಯುವ ರೀತಿಗೂ ಇರುವ ವ್ಯತ್ಯಾಸ ಅದು. ಅದರಲ್ಲೂ ಹಸು ಮೂಟೆಯಲ್ಲ. ಅದರ ಭಾರವೆಲ್ಲ ನಾಲ್ಕು ಕಾಲಿನ ಮೇಲೆ, ಎತ್ತರದಲ್ಲಿರುತ್ತದೆ. ಗಾಡಿ ಎಡಕ್ಕೆ ತಿರುಗಿದರೆ ಹಸು ಬಲಕ್ಕೆ ಬರುತ್ತದೆ, ಹೀಗೆ ತಾನೂ ಗಾಡಿಯನ್ನು ನೂಕುತ್ತದೆ.

ಟೈರಿನ ಮೇಲೆ ಬರೆದಿರುವುದನ್ನು ಓದಿ

ನಾವು ಔಷಧಿಯ ಬಾಟಲಿಯ ಮೇಲಿನ ಬರಹ ಓದಿ ಎಂದು ಹೇಳುತ್ತೇವೆ. ಟೈರಿನ ಮೇಲಿನ ಬರಹವನ್ನೂ ಹಾಗೆಯೇ ಓದಬೇಕು. ಒಂದು ಉದಾಹರಣೆ: 215/75 ಆರ್ 15. ಮೊದಲನೆಯದು ಟೈರಿನ ಅಗಲ, 215 ಮಿಲಿಮೀಟರ್. ಎರಡನೆಯದು ಆ ಅಗಲದ ನೂರಕ್ಕೆ 75ರಷ್ಟು ಟೈರಿನ ಪಕ್ಕದ ಎತ್ತರ. ಕೊನೆಯದು ಡಿಸ್ಕಿನ ಅಳತೆ, 15 ಅಂಗುಲ. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ ಸುಮಾರು 703 ಮಿಲಿಮೀಟರ್. ಅದರ ಬದಲಿಗೆ 235/75 ಆರ್ 15 ಹಾಕಿದರೆ ಸುಮಾರು 733 ಮಿಲಿಮೀಟರ್.

ವ್ಯತ್ಯಾಸ 30 ಮಿಲಿಮೀಟರ್. ಅದರಲ್ಲಿ ಅರ್ಧ ಮಾತ್ರ ಆಕ್ಸಲಿನ ಕೆಳಗೆ ಸಿಗುತ್ತದೆ, ಅಂದರೆ 15 ಮಿಲಿಮೀಟರ್. ಅರ್ಧ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ಹೌಸಿಂಗಿನ ಗುಂಡಿಗೆ ಸಿಕ್ಕ ಲಾಭ ಇಷ್ಟೇ.

ಇದಕ್ಕೆ ಕೊಡುವ ಬೆಲೆ ನೋಡಿ. ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಮೊದಲಿಗಿಂತ ನೂರಕ್ಕೆ ನಾಲ್ಕಕ್ಕೂ ಸ್ವಲ್ಪ ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಇದು ಗೊತ್ತಾಗುವುದಿಲ್ಲ. ಮೊದಲು ಸರಿಯಾಗಿ ತೋರಿಸುತ್ತಿದ್ದ ಮೀಟರು 60 ಎಂದಾಗ ಗಾಡಿ 62ರ ಮೇಲೆ ಓಡುತ್ತಿರುತ್ತದೆ. ದಿನಕ್ಕೆ 80 ಕಿ.ಮೀ. ಹಾಲಿನ ಮಾರ್ಗ ಓಡಿಸುವವರ ಮೀಟರಿನಲ್ಲಿ 77 ಕಿ.ಮೀ. ಕೂಡ ತುಂಬುವುದಿಲ್ಲ. ಮೀಟರು ನೋಡಿ ಬಾಡಿಗೆ ಬರೆಯುವವರಿಗೆ ತಿಂಗಳಿಗೆ ಹತ್ತಿರ ಹತ್ತಿರ 100 ಕಿ.ಮೀ. ಬಾಡಿಗೆ ಕೈಬಿಟ್ಟಂತೆ. ಇಂಜಿನ್ನಿಗೂ ಪ್ರತಿ ಗೇರಿನಲ್ಲಿ ಎಳೆತ ಭಾರವಾಗುತ್ತದೆ. ಏರಿನಲ್ಲಿ ಮೂರನೆಯ ಗೇರಿನಲ್ಲಿ ಹೋಗುತ್ತಿದ್ದವರು ಎರಡಕ್ಕೆ ಇಳಿಯಬೇಕಾಗುತ್ತದೆ. ದೊಡ್ಡ ಚಕ್ರವನ್ನು ನಿಲ್ಲಿಸಲು ಬ್ರೇಕಿಗೂ ಹೆಚ್ಚು ಶ್ರಮ.

“ದೊಡ್ಡ ಟೈರು ಹೆಚ್ಚು ಭಾರ ಹೊರುತ್ತದೆ” ಎಂಬ ಮಾತೂ ಯಾವಾಗಲೂ ನಿಜವಲ್ಲ. ಭಾರದ ಲೆಕ್ಕ ಬೇರೆ ಅಂಕಿಯಲ್ಲಿದೆ. ಗಾತ್ರದ ಪಕ್ಕದಲ್ಲಿ 100, 104 ಹೀಗೆ ಒಂದು ಸಂಖ್ಯೆ ಇರುತ್ತದೆ. 100 ಎಂದರೆ ಒಂದು ಟೈರು 800 ಕಿಲೋ ಹೊರುತ್ತದೆ ಎಂದು ಅರ್ಥ. 104 ಎಂದರೆ 900 ಕಿಲೋ. 108 ಎಂದರೆ 1,000 ಕಿಲೋ. ಜೀಪು, ಕಾರುಗಳಿಗೆ ಬರುವ ಅಗಲವಾದ ಟೈರು ನೋಡಲು ದಪ್ಪಗಿದ್ದರೂ ಸಾಮಾನು ಗಾಡಿಯ ಟೈರಿನಷ್ಟು ಗಾಳಿಯ ಒತ್ತಡ ತಡೆಯುವಂತೆ ಕಟ್ಟಿರುವುದಿಲ್ಲ. ಅದರ ಮೇಲೆ ಪೂರಾ ಹೊರೆ ಹಾಕಿ ಬೇಸಿಗೆಯ ಡಾಂಬರಿನ ಮೇಲೆ ಓಡಿಸಿದರೆ ಪಕ್ಕ ಕಾದು ಒಡೆಯುತ್ತದೆ. ಆದ್ದರಿಂದ ಹೊಸ ಟೈರಿನ ಭಾರದ ಸಂಖ್ಯೆ ಹಳೆಯದಕ್ಕಿಂತ ಒಂದು ಅಂಕಿಯೂ ಕಡಿಮೆ ಇರಕೂಡದು.

ಟೈರು ತಯಾರಾದ ಕಾಲವನ್ನೂ ನೋಡಿಕೊಳ್ಳಿ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದ ಟೈರನ್ನು “ಹೊಸದು” ಎಂದು ತರಬೇಡಿ.

ಕೆಸರು, ಮರಳು, ಹೊಲದ ದಾರಿ ನಿಜವಾದ ತೊಂದರೆಯಾಗಿದ್ದರೆ ಗಾತ್ರ ಬದಲಿಸಬೇಡಿ, ಅಚ್ಚು ಬದಲಿಸಿ. ಅದೇ ಗಾತ್ರದಲ್ಲಿ ಆಳವಾದ ಅಚ್ಚಿನ ಟೈರು ಸಿಗುತ್ತದೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ತಮ್ಮ ಮಾದರಿಗೆ ಎರಡು ಗಾತ್ರ ಬರೆದಿದ್ದರೆ ದೊಡ್ಡದನ್ನು ಧಾರಾಳವಾಗಿ ಆರಿಸಿಕೊಳ್ಳಿ. ಆಗ ನಾಲ್ಕೂ ಚಕ್ರ ಮತ್ತು ಸ್ಟೆಪ್ನಿ ಒಂದೇ ಗಾತ್ರದ್ದಿರಲಿ. ಹೊರೆ ಹಾಕಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರು ಎಲ್ಲೂ ಉಜ್ಜುವುದಿಲ್ಲ ಎಂದು ನೋಡಿಕೊಳ್ಳಿ.

ಎಷ್ಟು ಕ್ಯಾನು, ಎಷ್ಟು ಹಸು?

ಎಲ್ಲ ಲೆಕ್ಕವೂ ಕೊನೆಗೆ ಇಲ್ಲಿಗೆ ಬಂದು ನಿಲ್ಲುತ್ತದೆ. ತಮ್ಮ ಆರ್.ಸಿ.ಯಲ್ಲಿ ಗಾಡಿಯ ಖಾಲಿ ತೂಕವೂ ಒಟ್ಟು ತೂಕವೂ ಬರೆದಿರುತ್ತದೆ. ಒಂದರಿಂದ ಒಂದು ಕಳೆದರೆ ಹೊರಬಹುದಾದ ತೂಕ. ಖಾಲಿ ತೂಕದಲ್ಲಿ ಚಾಲಕರ ತೂಕ ಸೇರಿರುವುದಿಲ್ಲ. ಆದ್ದರಿಂದ ಅದನ್ನೂ ಕಳೆಯಬೇಕು. 1,300 ಕಿಲೋ ಸಿಕ್ಕಿತು ಎಂದುಕೊಳ್ಳಿ. ಚಾಲಕ ಮತ್ತು ಜೊತೆಗಾರನಿಗೆ 140 ಕಿಲೋ ಕಳೆಯಿರಿ. ಉಳಿದದ್ದು 1,160 ಕಿಲೋ. ಆಮೇಲೆ ಹಾಕಿಸಿದ ಕಬ್ಬಿಣದ ಕಟಕಟೆ ಇದ್ದರೆ ಅದರ ತೂಕವೂ ಇದರಲ್ಲೇ ಹೋಗುತ್ತದೆ.

40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕಿಲೋ, ಕ್ಯಾನು ಸೇರಿ ಸುಮಾರು 50 ಕಿಲೋ. ಅಂದರೆ 23 ಕ್ಯಾನು. 35 ಕ್ಯಾನು ಹೇರಿ “ಗಾಡಿ ಕೂರುತ್ತದೆ” ಎಂದರೆ ತಪ್ಪು ಗಾಡಿಯದಲ್ಲ.

ಹಸುವಿನ ಲೆಕ್ಕ ಇನ್ನೂ ಸ್ಪಷ್ಟ. ಒಳ್ಳೆಯ ಮೈಕಟ್ಟಿನ ಮಿಶ್ರತಳಿ ಹಸು 450 ಕಿಲೋ ತೂಗಬಹುದು. ಎರಡು ಹಸು 900 ಕಿಲೋ. ಮೂರಾದರೆ 1,350 ಕಿಲೋ, ಗಾಡಿಯ ಮಿತಿ ಮೀರಿತು. ಇನ್ನು ಜಾಗ. ಕೇಂದ್ರ ಮೋಟಾರು ವಾಹನ ನಿಯಮಗಳ 125-ಇ ನಿಯಮ 2016ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಒಂದು ಹಸು ಅಥವಾ ಎಮ್ಮೆಗೆ 2 ಚದರ ಮೀಟರ್, ಅಂದರೆ ಇಪ್ಪತ್ತೊಂದೂವರೆ ಚದರಡಿ ಜಾಗ, ನಡುವೆ ಭದ್ರವಾದ ಅಡ್ಡಗಟ್ಟು ಇರಬೇಕು. ಎಂಟು ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿ ಎಂದರೆ 44 ಚದರಡಿ. ಎರಡೇ ಹಸು. ತೂಕವೂ ಎರಡು ಎನ್ನುತ್ತದೆ, ಜಾಗವೂ ಎರಡು ಎನ್ನುತ್ತದೆ. ಎಷ್ಟು ಬ್ಲೇಡು ಹಾಕಿದರೂ ಬಾಡಿಯ ಅಗಲ ಹೆಚ್ಚುವುದಿಲ್ಲ.

ಹತ್ತಿಸುವ, ಇಳಿಸುವ ಹೊತ್ತಿನಲ್ಲಿ ಎತ್ತರದ ಗಾಡಿ ಇನ್ನೊಂದು ಗಂಡಾಂತರ. ಏರುಹಲಗೆಯ ಇಳಿಜಾರು 20 ಡಿಗ್ರಿ ಮೀರಬಾರದು. ಇದಕ್ಕೆ ಸುಲಭದ ಲೆಕ್ಕ: ಬಾಡಿ ನೆಲದಿಂದ ಎಷ್ಟು ಎತ್ತರವೋ ಅದರ ಮೂರು ಪಟ್ಟು ಉದ್ದದ ಹಲಗೆ. 30 ಅಂಗುಲ ಎತ್ತರಕ್ಕೆ ಏಳೂವರೆ ಅಡಿ. ನಾಲ್ಕು ಅಂಗುಲ ಎತ್ತರಿಸಿದರೆ ಹಲಗೆ ಇನ್ನೊಂದು ಅಡಿ ಉದ್ದವಾಗಬೇಕು. ಯಾರೂ ಹೊಸ ಹಲಗೆ ಮಾಡಿಸುವುದಿಲ್ಲ. ಹಳೆಯದರಲ್ಲೇ ಬಾಲ ತಿರುಚಿ ಹತ್ತಿಸುತ್ತಾರೆ, ಇಳಿಸುವಾಗ ನೂಕುತ್ತಾರೆ. ಸೊಂಟದ ಕೀಲು ತಪ್ಪುವುದು, ಮೊಲೆತೊಟ್ಟು ಹರಿಯುವುದು ಹೆಚ್ಚಾಗಿ ಆ ಒಂದು ಕ್ಷಣದಲ್ಲಿ.

ಬಾಡಿಯ ತಳ ಬರಿಯ ತಗಡಾಗಿರಕೂಡದು. ನಾರಿನ ಚಾಪೆ ಅಥವಾ ಮರದ ಹಲಗೆ ಹಾಸಬೇಕು, ಹಸುವಿನ ಮುಖ ಇಂಜಿನ್ನಿನ ಕಡೆ ಇರುವುದು ಒಳ್ಳೆಯದು, ಜೊತೆಗೆ ಒಬ್ಬ ಆಳು ಇರಬೇಕು ಎಂದು 1978ರ ಪ್ರಾಣಿ ಸಾಗಾಣಿಕೆ ನಿಯಮಗಳಲ್ಲೇ ಇದೆ. ಅಂದು ಆ ಗಾಡಿಯಲ್ಲಿ ಚಾಪೆ ಇರಲಿಲ್ಲ. ದೊಡ್ಡ ಟೈರಿಗೆ ಕೊಟ್ಟ ಹಣದಲ್ಲಿ ಒಂದು ಚಾಪೆ, ಒಂದು ಉದ್ದನೆಯ ಹಲಗೆ, ಒಂದು ಅಡ್ಡಗಟ್ಟು ಮೂರೂ ಆಗಿ ಹಣ ಉಳಿಯುತ್ತಿತ್ತು. ತುಂಬು ಗಬ್ಬದ ರಾಸನ್ನಂತೂ ಗಾಡಿ ಹತ್ತಿಸಲೇಬೇಡಿ.

ಹಾಲಿಗೂ ನಷ್ಟವಿದೆ

ಕಾರ್ಯದರ್ಶಿಗಳು ಇದನ್ನು ಗಮನಿಸಬೇಕು. ಬ್ಲೇಡು ಹೆಚ್ಚಿದಷ್ಟೂ ಗಾಡಿ ಬಿರುಸಾಗುತ್ತದೆ. ಪ್ರತಿ ಗುಂಡಿಯ ಪೆಟ್ಟೂ ನೇರವಾಗಿ ಕ್ಯಾನಿಗೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ಕುಲುಕಿ ಕಡೆಗೋಲಾಡಿಸಿದಂತಾಗುತ್ತದೆ. ಮುಚ್ಚಳದ ಒಳಗೆ ಬೆಣ್ಣೆಯ ಕಾಳು ಅಂಟಿರುವುದನ್ನು ತಾವು ನೋಡಿರುತ್ತೀರಿ. ಮುಚ್ಚಳದಲ್ಲಿ ಉಳಿದ ಜಿಡ್ಡು ಪರೀಕ್ಷೆಯಲ್ಲಿ ಬರುವುದಿಲ್ಲ. ಅದು ನಿಮ್ಮ ಲೆಕ್ಕದಿಂದಲೇ ಹೋದದ್ದು. ಅಷ್ಟೇ ಅಲ್ಲ, ತಣ್ಣಗಾಗದ ಹಸಿ ಹಾಲು ಹೀಗೆ ಕುಲುಕಿದರೆ ಜಿಡ್ಡಿನ ಕಣ ಒಡೆದು ಹಾಲಿಗೆ ಕಮಟು ವಾಸನೆ ಬೇಗ ಬರುತ್ತದೆ. ಕ್ಯಾನು ಕುತ್ತಿಗೆವರೆಗೆ ತುಂಬಿರಲಿ, ಗಾಡಿ ಮೆತ್ತಗೆ ಓಡಲಿ.

ಕಾನೂನಿನ ಮಾತು

ಮೋಟಾರು ವಾಹನ ಕಾಯಿದೆ 1988ರ 52ನೆಯ ಪ್ರಕರಣದಂತೆ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿದೆ. ಅದೇ ವರ್ಷದ ತಿದ್ದುಪಡಿ ಕಾಯಿದೆಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎಂದಿದೆ. ಮಿತಿ ಮೀರಿದ ಹೊರೆಗೆ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಬಂಧುಗಳೇ, ದಂಡಕ್ಕೆ ಹೆದರಿಸಲು ನಾನು ಇದನ್ನು ಹೇಳುತ್ತಿಲ್ಲ. ಅಪಘಾತವಾದಾಗ ವಿಮೆಯವರು ಆರ್.ಸಿ.ಯನ್ನೂ ಗಾಡಿಯನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಆಗ ತಕರಾರಿಗೆ ನಾವೇ ಜಾಗ ಕೊಟ್ಟಿರಬಾರದು.

ಹಾಗಾದರೆ ಏನು ಮಾಡಬೇಕು?

1. ಗ್ಯಾರೇಜಿಗೆ ಹೋಗುವ ಮುನ್ನ ವೇಬ್ರಿಡ್ಜಿಗೆ ಹೋಗಿ. ದಿನನಿತ್ಯದ ಹೊರೆ ಹಾಕಿ ಒಟ್ಟು ತೂಕ ನೋಡಿ. ಹಿಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲಿಟ್ಟು ಇನ್ನೊಮ್ಮೆ ನೋಡಿ. ಆರ್.ಸಿ.ಯೊಡನೆ ಹೋಲಿಸಿ.

2. ತೂಕ ಮಿತಿಯೊಳಗಿದ್ದೂ ಗಾಡಿ ಕೂತರೆ ಕಮಾನು ಪಟ್ಟಿಯ ಕಟ್ಟನ್ನು ಮೂಲ ಅಳತೆಯದಕ್ಕೇ ಬದಲಿಸಿ. ಎರಡೂ ಕಡೆ ಒಟ್ಟಿಗೆ ಬದಲಿಸಿ. ಬುಷ್, ಶಾಕ್ ಅಬ್ಸಾರ್ಬರ್ ನೋಡಿಸಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಿ.

3. ತೂಕ ಮಿತಿ ಮೀರಿದರೆ ಎರಡು ಸುತ್ತು ಹೊಡೆಯಿರಿ, ಇಲ್ಲವೇ ಪಕ್ಕದ ಸಂಘದವರ ಜೊತೆ ಸೇರಿ ದೊಡ್ಡ ಗಾಡಿ ಗೊತ್ತುಮಾಡಿ.

4. ಟೈರು ಕೊಳ್ಳುವಾಗ ಗಾತ್ರ, ಭಾರದ ಸಂಖ್ಯೆ, ತಯಾರಾದ ವಾರ ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಾಳಿ ಕಂಪನಿ ಹೇಳಿದಷ್ಟು ಇರಲಿ. ತಣ್ಣಗಿರುವಾಗ ಬೆಳಿಗ್ಗೆ ನೋಡಿಸಿ.

5. ಈಗಾಗಲೇ ಬ್ಲೇಡು ಹಾಕಿಸಿರುವವರು ತೆಗೆಸಿಬಿಡಿ. ತೆಗೆಸಿದ ಮೇಲೆ ಹಿಂದಿನ ಬ್ರೇಕಿನ ವಾಲ್ವು, ಚಕ್ರಗಳ ಅಲೈನ್‌ಮೆಂಟ್, ದೀಪದ ಮಟ್ಟ ಮೂರನ್ನೂ ಸರಿಮಾಡಿಸಿ.

6. ರಾಸು ತರುವಾಗ ಎರಡಕ್ಕಿಂತ ಹೆಚ್ಚು ಬೇಡ. ಚಾಪೆ, ಅಡ್ಡಗಟ್ಟು, ಸರಿಯಾದ ಏರುಹಲಗೆ ಮತ್ತು ಜೊತೆಯಲ್ಲಿ ಒಬ್ಬ ಆಳು ಇಲ್ಲದೆ ಹೊರಡಬೇಡಿ. ಸಂತೆಯ ರಸೀದಿ, ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿರಲಿ.

ಆ ಯುವಕ ಈಗ ಏನು ಮಾಡುತ್ತಿದ್ದಾರೆ ಎಂದು ತಾವು ಕೇಳಬಹುದು. ಬ್ಲೇಡನ್ನು ತಾವೇ ನಿಂತು ಬಿಚ್ಚಿಸಿದರು. ದೊಡ್ಡ ಟೈರನ್ನು ಅರ್ಧ ಬೆಲೆಗೆ ಮಾರಿದರು. ಈಗ ಎರಡೇ ಹಸು ತರುತ್ತಾರೆ, ಮೂರನೆಯದಕ್ಕೆ ಇನ್ನೊಂದು ಸಲ ಹೋಗುತ್ತಾರೆ. ಡೀಸೆಲ್ ಖರ್ಚು ಹೆಚ್ಚಾಯಿತು ಎಂದು ಗೊಣಗುತ್ತಾರೆ, ಆದರೆ ಹೋಗುತ್ತಾರೆ. ಆ ದಿನ ಬದುಕಿ ಬಂದ ಎರಡು ಹಸುಗಳಲ್ಲಿ ಒಂದು ಕಳೆದ ತಿಂಗಳು ಹೆಣ್ಣುಕರು ಹಾಕಿದೆ. ಸಾಲ ಇನ್ನೂ ತೀರಿಲ್ಲ.

ಮುಂದಿನ ಸಲ ಯಾರಾದರೂ ಗಾಡಿ ತೋರಿಸಿ “ಹೇಗಿದೆ ಡಾಕ್ಟ್ರೇ?” ಎಂದರೆ ನಾನು ಮೊದಲು ಕೆಳಗೆ ಬಗ್ಗಿ ನೋಡುತ್ತೇನೆ. ಆಮೇಲೆ ಆರ್.ಸಿ. ಕೇಳುತ್ತೇನೆ. ತಾವು ಬೇಸರ ಮಾಡಿಕೊಳ್ಳಬಾರದು. ಗಾಡಿ ಇರುವ ಸದಸ್ಯರು ಯಾವ ದಿನವಾದರೂ ಹೊರೆ ಸಮೇತ ಬನ್ನಿ, ವೇಬ್ರಿಡ್ಜಿನವರೆಗೆ ನಾನೂ ಜೊತೆಗೆ ಬರುತ್ತೇನೆ. ಚೀಟಿ ಕೈಗೆ ಬಂದ ಮೇಲೆ ಏನು ಮಾಡಬೇಕೆಂಬುದನ್ನು ತಾವೇ ತೀರ್ಮಾನಿಸಿ.